ಒಂದು ಸೆಕ್ಷನ್ ಬ್ರೇಕ್ ಅಳಿಸಿದ್ದಕ್ಕೆ 62 ಪುಟಗಳು ಅಡ್ಡವಾದವು: ಕಾರಣವೇನು, ಸರಿಪಡಿಸುವುದು ಹೇಗೆ?

ಮಳೆಪುಸ್ತಕ, ಮೂಡಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದಲ್ಲಿ ತಂದೆಯವರು 1978ರಿಂದ 2017ರವರೆಗೆ, ಸರಿಯಾಗಿ 40 ವರ್ಷ, ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ದಪ್ಪ ರಿಜಿಸ್ಟರುಗಳು ನಮ್ಮ ಮನೆಯಲ್ಲಿವೆ. ಆ ಲೆಕ್ಕವನ್ನೂ, ಅವರು ಅಂಚಿನಲ್ಲಿ ಗೀಚಿಟ್ಟ ಟಿಪ್ಪಣಿಗಳನ್ನೂ, ತೋಟದ ಬಗ್ಗೆ ಹೇಳುತ್ತಿದ್ದ ಸಂಗತಿಗಳನ್ನೂ ಸೇರಿಸಿ ನೆಂಟರಿಷ್ಟರಿಗೆ ಹಂಚಲು ಒಂದು ಚಿಕ್ಕ ಪುಸ್ತಕ ಸಿದ್ಧಪಡಿಸುತ್ತಿದ್ದೇನೆ. ಎ5 ಅಳತೆ, 50 ಪ್ರತಿಗಳು ಸಾಕು. ಎಲ್ಲವನ್ನೂ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ನಾನೇ ಬೆರಳಚ್ಚು ಮಾಡಿದ್ದೇನೆ.

ಮೊದಲ 8 ಪುಟಗಳಲ್ಲಿ ಶೀರ್ಷಿಕೆ, ಅರ್ಪಣೆ, ಮುನ್ನುಡಿ ಮತ್ತು ಪರಿವಿಡಿ ಇವೆ. ಬಳಿಕ 54 ಪುಟಗಳ ಬರಹ, ಅದಾದ ಮೇಲೆ ಎರಡು ಪುಟಗಳಲ್ಲಿ ಮಳೆಯ ಕೋಷ್ಟಕ, ಆಮೇಲೆ ಉಳಿದ ಅಧ್ಯಾಯಗಳು, ಕೊನೆಯಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಮರಗಸಿ (ನೆರಳುಮರಗಳ ಕೊಂಬೆ ಕತ್ತರಿಸುವುದು), ಗಿಡಗಸಿ (ಕಾಫಿ ಗಿಡ ಸವರುವುದು) ಮುಂತಾದ ತೋಟದ ಮಾತುಗಳ ಅರ್ಥಕೋಶ. ಕೋಷ್ಟಕದಲ್ಲಿ ವರ್ಷಕ್ಕೊಂದು, ಹನ್ನೆರಡು ತಿಂಗಳಿಗೆ ಹನ್ನೆರಡು, ಒಟ್ಟು ಮೊತ್ತಕ್ಕೊಂದು ಎಂದು 14 ಕಾಲಂಗಳಿರುವುದರಿಂದ ಆ ಎರಡು ಪುಟಗಳನ್ನು ಮಾತ್ರ ಅಡ್ಡವಾಗಿಸಬೇಕಾಯಿತು. ಯಾರೋ ಹೇಳಿಕೊಟ್ಟಂತೆ ಕೋಷ್ಟಕದ ಹಿಂದೆ ಒಂದು, ಮುಂದೆ ಒಂದು ಸೆಕ್ಷನ್ ಬ್ರೇಕ್ (ಕಡತವನ್ನು ಬೇರೆ ಬೇರೆ ಪುಟವಿನ್ಯಾಸದ ಭಾಗಗಳಾಗಿ ಒಡೆಯುವ ಗುರುತು) ಹಾಕಿ ನಡುವಿನದ್ದನ್ನು ಲ್ಯಾಂಡ್‌ಸ್ಕೇಪ್ ಮಾಡಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು.

ಆದರೆ ಕೋಷ್ಟಕದ ಹಿಂದೆ ಒಂದು, ಅದು ಮುಗಿದ ಮೇಲೆ ಇನ್ನೊಂದು ಖಾಲಿ ಪುಟ ಉಳಿದುಕೊಂಡವು. ಹಿಂದಿನ ಖಾಲಿ ಪುಟವನ್ನು ತೆಗೆಯಲೆಂದು ಅಲ್ಲಿ ಕಂಡ ಗುರುತನ್ನು ಅಳಿಸಿದ ತಕ್ಷಣ ಅದಕ್ಕೂ ಮೊದಲಿನ 62 ಪುಟಗಳೂ ಒಟ್ಟಿಗೆ ಅಡ್ಡವಾಗಿ ಮಲಗಿಬಿಟ್ಟವು. ಅಳಿಸಿದ್ದು ಕೋಷ್ಟಕದ ಪಕ್ಕದ ಒಂದು ಗೆರೆ. ಕೆಟ್ಟದ್ದು ಮುನ್ನುಡಿಯಿಂದ ಹಿಡಿದು ಇಡೀ ಬರಹ. ಹಿಂದಿನ ದಿನದ ಪ್ರತಿಯೊಂದು ಇದ್ದುದರಿಂದ ಬದುಕಿಕೊಂಡೆನಾದರೂ, ಹೀಗೇಕಾಯಿತು ಎಂಬುದು ತಿಳಿಯದೆ ಮತ್ತೆ ಕೈಹಾಕಲು ಧೈರ್ಯವಾಗುತ್ತಿಲ್ಲ.

ಇದರ ಜೊತೆಗೆ ಇನ್ನೆರಡು ತೊಂದರೆಗಳಿವೆ. ಮುನ್ನುಡಿಯ ಪುಟಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1 ಎಂದು ಪುಟಸಂಖ್ಯೆ ಬರಬೇಕು. ಅದು ನನ್ನಿಂದ ಆಗುತ್ತಿಲ್ಲ. ಇನ್ನು, ಪ್ರತಿ ಅಧ್ಯಾಯವೂ ಹೊಸ ಪುಟದಲ್ಲಿ ಶುರುವಾಗಲೆಂದು ಎಂಟರ್ ಒತ್ತಿ ಒತ್ತಿ ಕೆಳಗಿಳಿಸಿದ್ದೆ. ಪೇಟೆಯ ಒಂದು ಅಂಗಡಿಯಲ್ಲಿ ಮಾದರಿ ಪ್ರತಿ ತೆಗೆಸಿದಾಗ ಅಧ್ಯಾಯಗಳ ಹೆಸರುಗಳೆಲ್ಲ ಪುಟದ ನಡುವೆ ಬಂದು ಕುಳಿತಿದ್ದವು. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕಾಗಿ ವಿನಂತಿ.


ಹಾಸನದ ಬೆರಳಚ್ಚುಗಾರ (ಉತ್ತರ)

ಮೇಡಂ, ತಾವು ಅಳಿಸಿದ್ದು ಗೆರೆಯನ್ನಲ್ಲ, ರುಜುವನ್ನು. ಹಾಸನದಲ್ಲಿ ಹಲವು ವರ್ಷಗಳಿಂದ ಪ್ರಬಂಧಗಳನ್ನೂ ಸಹಕಾರ ಸಂಘಗಳ ವಾರ್ಷಿಕ ವರದಿಗಳನ್ನೂ ಟೈಪ್ ಮಾಡಿಕೊಡುತ್ತಿರುವ ನಾನು ಕಲಿಯಲು ಬಂದ ಹುಡುಗರಿಗೆ ಹೀಗೆಯೇ ಹೇಳುವುದು. ಪಂಚನಾಮೆಯ ಕೆಳಗೆ ಹಾಕಿದ ರುಜು ಅದರ ಮೇಲಿನ ಬರಹಕ್ಕೆ ಅನ್ವಯಿಸುತ್ತದೆಯೇ ಹೊರತು ಕೆಳಗಿನದಕ್ಕಲ್ಲ. ವರ್ಡ್‌ನಲ್ಲಿ ಸೆಕ್ಷನ್ ಬ್ರೇಕ್ ಇರುವುದೂ ಹಾಗೆಯೇ. ಕಾಗದದ ಅಳತೆ, ಉದ್ದವೋ ಅಡ್ಡವೋ ಎಂಬುದು, ಅಂಚುಗಳು, ಕಾಲಂಗಳ ಸಂಖ್ಯೆ, ಪುಟದ ತಲೆಯಲ್ಲಿ ಬರುವ ಹೆಡರ್ ಮತ್ತು ಅಡಿಯಲ್ಲಿ ಬರುವ ಫೂಟರ್, ಪುಟಸಂಖ್ಯೆಯ ಕ್ರಮ, ಇವೆಲ್ಲವೂ ಆ ಸೆಕ್ಷನ್ನು ಮುಗಿಯುವಲ್ಲಿರುವ ಬ್ರೇಕಿನೊಳಗೆ ಅಡಗಿರುತ್ತವೆ. ಕೊನೆಯ ಸೆಕ್ಷನ್ನಿಗೆ ಮಾತ್ರ ಬ್ರೇಕ್ ಇರುವುದಿಲ್ಲ. ಅದರ ರುಜು ಕಡತದ ಕಟ್ಟಕಡೆಯ ಪ್ಯಾರಾಗ್ರಾಫ್ ಗುರುತಿನಲ್ಲಿದೆ.

ತಮ್ಮ ಪುಸ್ತಕದ ಮೊದಲ 62 ಪುಟಗಳು ಒಂದೇ ಸೆಕ್ಷನ್ ಆಗಿದ್ದವು, ಅದರ ರುಜು ಕೋಷ್ಟಕದ ಹಿಂದಿನ ಬ್ರೇಕಿನಲ್ಲಿತ್ತು. ಅದನ್ನು ಅಳಿಸಿದಾಗ ಆ ಪುಟಗಳಿಗೆ ಸ್ವಂತ ರುಜು ಇಲ್ಲವಾಗಿ, ಕೆಳಗಿರುವ ಮುಂದಿನ ರುಜುವಿಗೆ, ಅಂದರೆ ಕೋಷ್ಟಕದ ಕೊನೆಯಲ್ಲಿರುವ ಅಡ್ಡ ಪುಟದ ರುಜುವಿಗೆ ಅವು ಒಳಪಟ್ಟವು. ಕೋಷ್ಟಕದ ನಂತರದ ಬ್ರೇಕನ್ನು ಅಳಿಸಿದ್ದರೆ ಇದರ ತಿರುಗುಮುರುಗಾಗಿ, ಕೋಷ್ಟಕವೇ ಉದ್ದ ಪುಟಕ್ಕೆ ಬಂದು ನವೆಂಬರ್ ಡಿಸೆಂಬರ್‌ಗಳು ಬಲ ಅಂಚಿನಿಂದ ಆಚೆ ಹೋಗುತ್ತಿದ್ದವು. ಇಂಥದ್ದು ಆದಾಗ ಮೊದಲು ಕಂಟ್ರೋಲ್ ಜೆಡ್ ಒತ್ತಿರಿ. ಕಡತವನ್ನು ಉಳಿಸಿ ಮುಚ್ಚಿಬಿಟ್ಟಿದ್ದರೆ, ಬರಹ ಮುಗಿಯುವ ಜಾಗದಲ್ಲಿ ಹೊಸದಾಗಿ ಸೆಕ್ಷನ್ ಬ್ರೇಕ್ ಹಾಕಿ, ಕರ್ಸರನ್ನು ಬರಹದೊಳಗಿಟ್ಟು ಲೇಔಟ್ ಟ್ಯಾಬಿನಲ್ಲಿ ಓರಿಯಂಟೇಶನ್ ಪೋರ್ಟ್ರೇಟ್ ಎಂದು ಆರಿಸಿದರೆ ಆ ಸೆಕ್ಷನ್ ಮಾತ್ರ ನೆಟ್ಟಗಾಗುತ್ತದೆ.

ಈಗ ಖಾಲಿ ಪುಟಗಳ ವಿಷಯ. ಎರಡೂ ನೋಡಲು ಒಂದೇ ರೀತಿಯವಾದರೂ ಹುಟ್ಟಿದ ಕಾರಣ ಬೇರೆ ಬೇರೆ ಎಂದು ನನ್ನ ಊಹೆ. ಹೋಮ್ ಟ್ಯಾಬಿನಲ್ಲಿ ತಿರುಗಿಸಿಟ್ಟ ಪಿ ಅಕ್ಷರದಂಥ ಗುಂಡಿಯನ್ನು ಒತ್ತಿ. ಅಡಗಿರುವ ಗುರುತುಗಳೆಲ್ಲ ಕಾಣುತ್ತವೆ. ವ್ಯೂ ಟ್ಯಾಬಿನಲ್ಲಿ ಡ್ರಾಫ್ಟ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಪೇಜ್ ಬ್ರೇಕ್ ಒಂಟಿ ಚುಕ್ಕೆಗೆರೆಯಾಗಿಯೂ ಸೆಕ್ಷನ್ ಬ್ರೇಕ್ ಜೋಡಿ ಗೆರೆಯಾಗಿಯೂ ಹೆಸರಿನ ಸಮೇತ ಕಾಣುತ್ತವೆ. ಕೋಷ್ಟಕದ ಹಿಂದೆ ತಾವು ಮೊದಲು ಕಂಟ್ರೋಲ್ ಎಂಟರ್ ಒತ್ತಿ ಪೇಜ್ ಬ್ರೇಕ್ ಹಾಕಿ, ಅದರ ಬೆನ್ನಲ್ಲೇ ನೆಕ್ಸ್ಟ್ ಪೇಜ್ ಎಂಬ ಸೆಕ್ಷನ್ ಬ್ರೇಕನ್ನೂ ಹಾಕಿರಬೇಕು. ಪೇಜ್ ಬ್ರೇಕ್ ಒಂದು ಪುಟ ಮುಂದೆ ತಳ್ಳಿತು, ಆ ಹೊಸ ಪುಟದಲ್ಲಿ ಸೆಕ್ಷನ್ ಬ್ರೇಕ್ ಒಂದೇ ಕುಳಿತು ಕೋಷ್ಟಕವನ್ನು ಮತ್ತೂ ಒಂದು ಪುಟ ಮುಂದೆ ತಳ್ಳಿತು. ಒಂಟಿ ಗೆರೆಯನ್ನು ಮಾತ್ರ ಅಳಿಸಿ, ಜೋಡಿ ಗೆರೆಯ ತಂಟೆಗೆ ಹೋಗಬೇಡಿ.

ಕೋಷ್ಟಕ ಮುಗಿದ ಮೇಲಿನ ಖಾಲಿ ಪುಟದಲ್ಲಿ ಯಾರ ತಪ್ಪೂ ಇಲ್ಲ. ವರ್ಡ್‌ನಲ್ಲಿ ಯಾವುದೇ ಟೇಬಲ್ ಮುಗಿದ ಮೇಲೆ ಒಂದು ಪ್ಯಾರಾಗ್ರಾಫ್ ಇರಲೇಬೇಕು. ತಮ್ಮ ಟೇಬಲ್ ಪುಟದ ತಳದವರೆಗೂ ತುಂಬಿಕೊಂಡಿರುವುದರಿಂದ ಆ ಪ್ಯಾರಾಗ್ರಾಫಿಗೆ ಜಾಗ ಸಾಲದೆ, ಅದು ತನ್ನೊಳಗಿನ ಸೆಕ್ಷನ್ ಬ್ರೇಕನ್ನೂ ಹೊತ್ತುಕೊಂಡು ಮುಂದಿನ ಪುಟಕ್ಕೆ ಇಳಿದಿದೆ. ಅದನ್ನು ಅಳಿಸಲಾಗದು, ಕುಗ್ಗಿಸಬಹುದು: ಆ ಗುರುತನ್ನು ಆಯ್ದು ಅಕ್ಷರದ ಗಾತ್ರವನ್ನು 1 ಪಾಯಿಂಟ್ ಮಾಡಿ, ಪ್ಯಾರಾಗ್ರಾಫಿನ ಹಿಂದುಮುಂದಿನ ಅಂತರವನ್ನು ಸೊನ್ನೆಗಿಳಿಸಿ, ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ 1 ಪಾಯಿಂಟ್ ಎಂದು ಕೊಡಿ. ಅದು ಮೇಲಿನ ಪುಟದ ತಳದಲ್ಲೇ ಸೇರಿಕೊಳ್ಳುತ್ತದೆ. ಆಗಲೂ ಸೇರದಿದ್ದರೆ ಟೇಬಲ್ಲಿನ ಸಾಲುಗಳ ಎತ್ತರವನ್ನು ಒಂದು ಕೂದಲೆಳೆಯಷ್ಟು ತಗ್ಗಿಸಿ.

ಎಂಟರ್ ಒತ್ತಿ ಅಧ್ಯಾಯವನ್ನು ಕೆಳಗಿಳಿಸುವ ಪದ್ಧತಿಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಅಂಗಡಿಯವರ ಗಣಕದಲ್ಲಿ ತಾವು ಬಳಸಿದ ಅಕ್ಷರಶೈಲಿ ಇಲ್ಲದಿದ್ದರೆ ಬೇರೊಂದು ಅದರ ಜಾಗಕ್ಕೆ ಬರುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳಿಗೆ ಒಂದೊಂದು ಶೈಲಿ ಒಂದೊಂದು ಎತ್ತರವನ್ನು ಬೇಡುವುದರಿಂದ ಸಾಲುಗಳು ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ, ಎಣಿಸಿ ಒತ್ತಿದ ಎಂಟರ್‌ಗಳ ಲೆಕ್ಕ ತಪ್ಪುತ್ತದೆ. ಪೇಜ್ ಬ್ರೇಕ್ ಆದರೆ ಮೇಲೆ ಏನೇ ಬದಲಾದರೂ ಮುಂದಿನ ಸಾಲನ್ನು ಹೊಸ ಪುಟಕ್ಕೇ ಕಳಿಸುತ್ತದೆ. ಅದಕ್ಕಿಂತಲೂ ಹಸನಾದ ದಾರಿಯೆಂದರೆ, ಅಧ್ಯಾಯದ ಹೆಸರುಗಳಿಗೆಲ್ಲ ಹೆಡಿಂಗ್ 1 ಶೈಲಿಯನ್ನು ಕೊಟ್ಟು, ಆ ಶೈಲಿಯ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಪೇಜ್ ಬ್ರೇಕ್ ಬಿಫೋರ್ ಎಂಬುದನ್ನು ಗುರುತು ಮಾಡುವುದು. ಆಗ ಅಧ್ಯಾಯಗಳ ನಡುವೆ ಯಾವ ಬ್ರೇಕನ್ನೂ ಕೈಯಿಂದ ಹಾಕಬೇಕಿಲ್ಲ, ಪರಿವಿಡಿಯನ್ನೂ ಆ ಹೆಸರುಗಳಿಂದ ವರ್ಡ್ ತಾನೇ ಸಿದ್ಧಪಡಿಸಬಲ್ಲದು. ಹಳೆಯ ಎಂಟರ್‌ಗಳ ಸಾಲನ್ನು ಫೈಂಡ್ ಅಂಡ್ ರೀಪ್ಲೇಸ್‌ನ ಸ್ಪೆಷಲ್ ಗುಂಡಿಯಲ್ಲಿ ಪ್ಯಾರಾಗ್ರಾಫ್ ಗುರುತನ್ನು ಎರಡು ಬಾರಿ ಆರಿಸಿ, ಬದಲಿಗೆ ಒಂದನ್ನು ಕೊಟ್ಟು, ಇನ್ನು ಸಿಗುವುದಿಲ್ಲ ಎನ್ನುವವರೆಗೆ ಓಡಿಸಿದರೆ ಮುಗಿಯಿತು.

ಪುಟಸಂಖ್ಯೆಗೆ ಪರಿವಿಡಿಯ ಕೊನೆಯಲ್ಲಿ ಇನ್ನೊಂದು ನೆಕ್ಸ್ಟ್ ಪೇಜ್ ಸೆಕ್ಷನ್ ಬ್ರೇಕ್ ಬೇಕು. ಮೊದಲ ಸೆಕ್ಷನ್ನಿನ ಫೂಟರ್‌ನಲ್ಲಿ ಫಾರ್ಮ್ಯಾಟ್ ಪೇಜ್ ನಂಬರ್ಸ್ ತೆರೆದು ರೋಮನ್ ಅಂಕಿಯನ್ನು ಆರಿಸಿ. ಎರಡನೆಯದರಲ್ಲಿ ಸಾಮಾನ್ಯ ಅಂಕಿಯನ್ನು ಆರಿಸಿ ಸ್ಟಾರ್ಟ್ ಅಟ್ 1 ಎಂದು ಕೊಡಿ. ಅರ್ಥಕೋಶವನ್ನು ಎರಡು ಕಾಲಂ ಮಾಡುವುದಾದರೆ ಅದರ ಶೀರ್ಷಿಕೆಯ ಕೆಳಗೆ ಕಂಟಿನ್ಯುಯಸ್ ಬ್ರೇಕ್ ಹಾಕಿ. ಪುಟ ಬದಲಾಗದೆ ಕಾಲಂ ಮಾತ್ರ ಬದಲಾಗುತ್ತದೆ. ಕೊನೆಯಲ್ಲೂ ಒಂದನ್ನು ಹಾಕಿದರೆ ಎರಡು ಕಾಲಂಗಳೂ ಸಮನಾಗಿ ನಿಲ್ಲುತ್ತವೆ.


ಮಳೆಪುಸ್ತಕ, ಮೂಡಿಗೆರೆ

ರುಜುವಿನ ಮಾತಿನಿಂದ ಎಲ್ಲವೂ ಸ್ಪಷ್ಟವಾಯಿತು ಸರ್, ತಮಗೆ ಬಹಳ ಧನ್ಯವಾದಗಳು. ಡ್ರಾಫ್ಟ್‌ನಲ್ಲಿ ನೋಡಿದಾಗ ತಾವು ಹೇಳಿದಂತೆಯೇ ಒಂಟಿ ಗೆರೆಯ ಕೆಳಗೆ ಜೋಡಿ ಗೆರೆ ಇತ್ತು. ಎರಡೂ ಖಾಲಿ ಪುಟಗಳು ಹೋದವು. ಧೈರ್ಯ ಬಂದು, ಎಲ್ಲವನ್ನೂ ಹೊಸದಾಗಿ ಕಟ್ಟೋಣವೆಂದು ಕೋಷ್ಟಕದ ಸುತ್ತಲಿನ ಬ್ರೇಕುಗಳನ್ನು ತೆಗೆದುಹಾಕಿ, ಮೊದಲು ಪರಿವಿಡಿಯ ಬಳಿ ಬ್ರೇಕ್ ಹಾಕಿ ಸ್ಟಾರ್ಟ್ ಅಟ್ 1 ಕೊಟ್ಟು, ಆಮೇಲೆ ಕೋಷ್ಟಕದ ಎರಡು ಬ್ರೇಕುಗಳನ್ನು ಮತ್ತೆ ಹಾಕಿದೆ.

ಈಗ ಎರಡು ಹೊಸ ತಲೆನೋವುಗಳು ಕಾಣಿಸಿಕೊಂಡಿವೆ. ಪರಿವಿಡಿಯಲ್ಲಿ ಮೊದಲ ಅಧ್ಯಾಯದ ಮುಂದೆಯೂ 1, ಮಳೆಯ ಲೆಕ್ಕದ ಮುಂದೆಯೂ 1, ಅದಾದ ಮೇಲಿನ ಅಧ್ಯಾಯದ ಮುಂದೆಯೂ 1 ಎಂದು ಬರುತ್ತಿದೆ. ಇನ್ನೊಂದು, ಕೋಷ್ಟಕದ ಪುಟದ ಹೆಡರ್‌ನಲ್ಲಿ ‘ಮಳೆಯ ಲೆಕ್ಕ’ ಎಂದು ಬರೆದರೆ ಮುನ್ನುಡಿಯ ನೆತ್ತಿಯ ಮೇಲೂ ‘ಮಳೆಯ ಲೆಕ್ಕ’ ಎಂದೇ ಮೂಡುತ್ತಿದೆ. ಚಿಕ್ಕಪ್ಪ ಬರೆದುಕೊಟ್ಟ ಮುನ್ನುಡಿಗೆ ಆ ಹೆಸರು ಬಂದರೆ ಅವರು ಸುಮ್ಮನಿರುವವರಲ್ಲ.


ಹಾಸನದ ಬೆರಳಚ್ಚುಗಾರ

ಮೇಡಂ, ಮೊದಲನೆಯದಕ್ಕೆ ಕಾರಣ ತಾವು ಕೆಲಸ ಮಾಡಿದ ಕ್ರಮ. ಇರುವ ಸೆಕ್ಷನ್ನಿನ ನಡುವೆ ಹೊಸ ಬ್ರೇಕ್ ಹಾಕಿದಾಗ ಹುಟ್ಟುವ ತುಂಡುಗಳಿಗೆ ಮೂಲದ ಸೆಟ್ಟಿಂಗುಗಳೆಲ್ಲ ಹಾಗೆಯೇ ಬರುತ್ತವೆ. ಸ್ಟಾರ್ಟ್ ಅಟ್ 1 ಎಂಬುದನ್ನು ಮೊದಲೇ ಕೊಟ್ಟಿದ್ದರಿಂದ ಅದೂ ಮೂರು ತುಂಡುಗಳಿಗೆ ಹಂಚಿಹೋಗಿದೆ. ಕೋಷ್ಟಕದ ಸೆಕ್ಷನ್ನಿಗೂ ಅದರ ನಂತರದ್ದಕ್ಕೂ ಫಾರ್ಮ್ಯಾಟ್ ಪೇಜ್ ನಂಬರ್ಸ್‌ನಲ್ಲಿ ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್ ಎಂದು ಬದಲಿಸಿದರೆ 54ರ ನಂತರ 55, 56, 57 ಎಂದು ಸರಾಗವಾಗಿ ಹರಿಯುತ್ತದೆ. ಪರಿವಿಡಿಯ ಮೇಲೆ ಬಲಗುಂಡಿ ಒತ್ತಿ ಅಪ್‌ಡೇಟ್ ಫೀಲ್ಡ್ ಕೊಡುವುದನ್ನು ಮರೆಯಬೇಡಿ. ಅದು ತಾನಾಗಿ ಬದಲಾಗುವುದಿಲ್ಲ.

ಎರಡನೆಯದು ಲಿಂಕ್ ಟು ಪ್ರೀವಿಯಸ್ ಎಂಬ ಗುಂಡಿಯ ಕೆಲಸ. ಹೊಸ ಸೆಕ್ಷನ್ನಿನ ಹೆಡರ್ ಹುಟ್ಟುವಾಗಲೇ ಹಿಂದಿನದರ ಕೈ ಹಿಡಿದುಕೊಂಡಿರುತ್ತದೆ, ಆದ್ದರಿಂದ ಇಲ್ಲಿ ಬರೆದದ್ದು ಅಲ್ಲಿಯೂ ಮೂಡುತ್ತದೆ. ಬರೆಯುವ ಮೊದಲು ಕೊಂಡಿ ಬಿಡಿಸಬೇಕು, ಅದನ್ನೂ ಕೊನೆಯ ಸೆಕ್ಷನ್ನಿನಿಂದ ಮೊದಲಿನ ಕಡೆಗೆ ಬರುತ್ತ ಬಿಡಿಸಬೇಕು. ಮೊದಲು ನಾಲ್ಕನೆಯ ಸೆಕ್ಷನ್ನಿನ ಹೆಡರ್‌ಗೆ ಹೋಗಿ ಲಿಂಕ್ ತೆಗೆಯಿರಿ, ಆಮೇಲೆ ಮೂರನೆಯದರಲ್ಲಿ, ಅಂದರೆ ಕೋಷ್ಟಕದ್ದರಲ್ಲಿ ತೆಗೆಯಿರಿ, ಆನಂತರವೇ ಅಲ್ಲಿ ಬೇಕಾದ ಹೆಸರನ್ನು ಬರೆಯಿರಿ. ಕೋಷ್ಟಕದ ಲಿಂಕನ್ನು ಮಾತ್ರ ತೆಗೆದರೆ ಮುನ್ನುಡಿಯೇನೋ ಉಳಿಯುತ್ತದೆ, ಆದರೆ ಮುಂದಿನ ಅಧ್ಯಾಯಗಳೆಲ್ಲ ‘ಮಳೆಯ ಲೆಕ್ಕ’ವಾಗುತ್ತವೆ. ಹೆಡರ್ ಮತ್ತು ಫೂಟರ್‌ಗಳಿಗೆ ಈ ಕೊಂಡಿ ಬೇರೆ ಬೇರೆ ಎಂಬುದು ನೆನಪಿರಲಿ. ಸಮ ಮತ್ತು ಬೆಸ ಪುಟಗಳಿಗೆ ಬೇರೆ ಹೆಡರ್ ಇಟ್ಟುಕೊಂಡಿದ್ದರೆ ಅವಕ್ಕೂ ಪ್ರತ್ಯೇಕವಾಗಿ ತೆಗೆಯಬೇಕು. ಬೇಸರದ ಕೆಲಸವೆಂಬುದನ್ನು ಒಪ್ಪುತ್ತೇನೆ.

ಯಾವ ಸೆಕ್ಷನ್ನಿನಲ್ಲಿದ್ದೇವೆಂದು ತಿಳಿಯಲು ಕೆಳಗಿನ ಸ್ಟೇಟಸ್ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ಸೆಕ್ಷನ್ ಎಂಬುದನ್ನು ಗುರುತು ಮಾಡಿಕೊಳ್ಳಿ, ಸಂಖ್ಯೆ ಸದಾ ಕಣ್ಣೆದುರಿಗಿರುತ್ತದೆ. ಇದೊಂದನ್ನು ಮಾಡಿಕೊಳ್ಳದೆ ಸೆಕ್ಷನ್ ಕೆಲಸಕ್ಕೆ ಕೈಹಾಕುವುದು ಕತ್ತಲೆಯಲ್ಲಿ ಮೆಣಸಿನ ಬಳ್ಳಿ ಹತ್ತಿದ ಹಾಗೆ.


ಬೇಲೂರು ಮೇಷ್ಟ್ರು

ಇಬ್ಬರ ಚರ್ಚೆಯನ್ನೂ ಓದಿದೆ. ನಮ್ಮ ಪ್ರೌಢಶಾಲೆಯ ಗಣಕಗಳಲ್ಲಿ ಲಿಬ್ರೆ ಆಫೀಸ್ ಇರುವುದರಿಂದ ಅದನ್ನು ಬಳಸುವವರಿಗಾಗಿ ಒಂದೆರಡು ಮಾತು. ಅಲ್ಲಿ ಮೇಲಿನ ರುಜುವಿನ ಲೆಕ್ಕ ನಡೆಯುವುದಿಲ್ಲ. ಲಿಬ್ರೆ ಆಫೀಸಿನ ರೈಟರ್‌ನಲ್ಲಿ, ಅಂದರೆ ವರ್ಡ್‌ನಂಥ ಬರಹದ ತಂತ್ರಾಂಶದಲ್ಲಿ, ಸೆಕ್ಷನ್ ಎಂಬ ಪದವಿದ್ದರೂ ಅದರ ಅರ್ಥವೇ ಬೇರೆ. ಪುಟದೊಳಗಿನ ಒಂದು ಭಾಗವನ್ನು ಕಾಲಂಗಳಾಗಿ ಮಾಡಲೋ, ಯಾರೂ ತಿದ್ದದಂತೆ ಬೀಗ ಹಾಕಲೋ ಅದನ್ನು ಬಳಸುತ್ತಾರೆ. ಪುಟವನ್ನು ಅಡ್ಡವಾಗಿಸುವ ಕೆಲಸ ಅಲ್ಲಿ ಪುಟ ಶೈಲಿಗೆ ಸೇರಿದ್ದು. ಇನ್ಸರ್ಟ್ ಮೆನುವಿನಲ್ಲಿ ಮೋರ್ ಬ್ರೇಕ್ಸ್, ಅದರಲ್ಲಿ ಮ್ಯಾನ್ಯುಯಲ್ ಬ್ರೇಕ್ ತೆರೆದು, ಪೇಜ್ ಬ್ರೇಕ್ ಜೊತೆಗೆ ಲ್ಯಾಂಡ್‌ಸ್ಕೇಪ್ ಶೈಲಿಯನ್ನು ಆರಿಸಿದರೆ ಮುಂದಿನ ಪುಟ ಅಡ್ಡವಾಗುತ್ತದೆ. ಕೋಷ್ಟಕ ಮುಗಿದ ಮೇಲೆ ಮತ್ತೊಂದು ಬ್ರೇಕಿನಲ್ಲಿ ಡೀಫಾಲ್ಟ್ ಶೈಲಿಗೆ ಮರಳಬೇಕು. ಪುಟಸಂಖ್ಯೆ ಬದಲಿಸುವ ಆಯ್ಕೆಯೂ ಅದೇ ಕಿಟಕಿಯಲ್ಲಿದೆ. ಅಂದರೆ ವರ್ಡ್‌ನಲ್ಲಿ ಬ್ರೇಕ್ ತನ್ನ ಮೇಲಿನದನ್ನು ಆಳುತ್ತದೆ, ರೈಟರ್‌ನಲ್ಲಿ ಕೆಳಗಿನದನ್ನು. ಒಂದರಲ್ಲಿ ಮಾಡಿದ ಕಡತವನ್ನು ಇನ್ನೊಂದರಲ್ಲಿ ತೆರೆದು ತಿದ್ದಿ ಮತ್ತೆ ಹಿಂದಕ್ಕೆ ಕಳಿಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗೂಗಲ್ ಡಾಕ್ಸ್‌ನಲ್ಲಾದರೆ ಇನ್ಸರ್ಟ್ ಮೆನುವಿನ ಬ್ರೇಕ್ ಅಡಿಯಲ್ಲಿ ನೆಕ್ಸ್ಟ್ ಪೇಜ್ ಮತ್ತು ಕಂಟಿನ್ಯುಯಸ್ ಎರಡೇ ಬಗೆಯ ಸೆಕ್ಷನ್ ಬ್ರೇಕುಗಳಿವೆ.

ಇನ್ನು ನನ್ನದೊಂದು ತಕರಾರು. ಇಷ್ಟೆಲ್ಲ ಸಾಹಸ ಬೇಕೇ? ಕೋಷ್ಟಕವನ್ನು ತಿರುಗಿಸುವ ಬದಲು ಅದರ ಸಾಲುಗಳನ್ನೇ ತಿರುಗಿಸಬಹುದಲ್ಲ. ತಿಂಗಳುಗಳನ್ನು ಕೆಳಮುಖವಾಗಿ ಇಳಿಸಿ, ವರ್ಷಗಳನ್ನು ಅಡ್ಡಸಾಲಿನಲ್ಲಿ ಇಡಿ. ಹತ್ತು ವರ್ಷಕ್ಕೊಂದರಂತೆ ನಾಲ್ಕು ಕೋಷ್ಟಕಗಳಾಗುತ್ತವೆ, ಪ್ರತಿಯೊಂದರಲ್ಲೂ 11 ಕಾಲಂಗಳು. ಎ5 ಕಾಗದದ ಅಗಲ 14.8 ಸೆಂಟಿಮೀಟರ್, ಒಳ ಅಂಚಿಗೆ 2, ಹೊರ ಅಂಚಿಗೆ 1.5 ಬಿಟ್ಟರೆ 11.3 ಉಳಿಯುತ್ತದೆ, ಕಾಲಮ್ಮಿಗೆ ಸುಮಾರು ಒಂದು ಸೆಂಟಿಮೀಟರ್. 8 ಪಾಯಿಂಟ್ ಅಂಕಿಯಲ್ಲಿ 38.25ರಂಥ ಸಂಖ್ಯೆ ಅದರಲ್ಲಿ ಆರಾಮವಾಗಿ ಕೂರುತ್ತದೆ. ಶೀರ್ಷಿಕೆ ಮತ್ತು ಮೊತ್ತ ಸೇರಿ 14 ಸಾಲುಗಳಾದ್ದರಿಂದ ಪುಟಕ್ಕೆರಡು ಕೋಷ್ಟಕ ಹಿಡಿಸಿ ಎರಡೇ ಪುಟಗಳಲ್ಲಿ ಮುಗಿಯುತ್ತದೆ. ಕೋಷ್ಟಕಕ್ಕೆಂದು ಒಂದು ಸೆಕ್ಷನ್ ಬ್ರೇಕೂ ಬೇಡ.


ಅಚ್ಚುಮನೆ, ಚಿಕ್ಕಮಗಳೂರು

ಮೇಷ್ಟ್ರ ಲೆಕ್ಕ ಸರಿಯಿದೆ. ಬ್ರೇಕ್ ಕಡಿಮೆಯಾದಷ್ಟೂ ನಮಗೆ ಸುಖ ಎಂಬುದೂ ನಿಜ. ಆದರೂ ಮಳೆಯ ಕೋಷ್ಟಕವನ್ನು ತೋಟದವರು ಹೇಗೆ ಓದುತ್ತಾರೆಂದು ಯೋಚಿಸಬೇಕು. ಯಾವ ವರ್ಷ ಮಾರ್ಚಿನಲ್ಲೇ ಹೂಮಳೆ ಬಂತು, ಯಾವ ವರ್ಷ ಏಪ್ರಿಲ್ ಮುಗಿದರೂ ಬರಲಿಲ್ಲ ಎಂದು ಒಂದು ತಿಂಗಳಿನ ಕಾಲಂ ಹಿಡಿದು ಮೇಲಿಂದ ಕೆಳಗೆ ಬೆರಳಾಡಿಸುವುದು ಅವರ ರೂಢಿ. ವರ್ಷಗಳನ್ನು ನಾಲ್ಕು ಚೂರು ಮಾಡಿದರೆ ಆ ಬೆರಳು ನಾಲ್ಕು ಕಡೆ ನಿಲ್ಲಬೇಕಾಗುತ್ತದೆ. ಹೀಗಾಗಿ ಅಡ್ಡ ಪುಟವೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಆದರೆ ಇಲ್ಲಿಯವರೆಗೆ ಯಾರೂ ಗಮನಿಸದ ಒಂದು ತೊಡಕಿದೆ. ಕೋಷ್ಟಕದ ಪುಟಗಳು 55 ಮತ್ತು 56 ಎಂದಿರಿ. ಪುಸ್ತಕದಲ್ಲಿ ಬೆಸ ಸಂಖ್ಯೆ ಬಲಕ್ಕೆ ಬರುವುದರಿಂದ 55 ಬಲಪುಟ, 56 ಅದೇ ಹಾಳೆಯ ಬೆನ್ನು. ಅಂದರೆ ಮೊದಲ ಇಪ್ಪತ್ತು ವರ್ಷಗಳನ್ನೂ ಕೊನೆಯ ಇಪ್ಪತ್ತು ವರ್ಷಗಳನ್ನೂ ಒಟ್ಟಿಗೆ ನೋಡಲಾಗದು, ಹಾಳೆ ಮಗುಚುತ್ತಲೇ ಇರಬೇಕು. ಕೋಷ್ಟಕ 56ರಲ್ಲಿ ಶುರುವಾಗಿ 57ರಲ್ಲಿ ಮುಗಿಯುವಂತೆ ಮಾಡಿ. ಆಗ ಎರಡೂ ಎದುರುಬದುರಾಗುತ್ತವೆ. ಅಡ್ಡ ಪುಟದ ತಲೆ ಎರಡರಲ್ಲೂ ಪುಸ್ತಕದ ಎಡಕ್ಕೆ ಬರುವಂತೆ ಅಚ್ಚಾದರೆ, ಓದುವವರು ಪುಸ್ತಕವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಒಮ್ಮೆ ತಿರುಗಿಸಿದ ಕೂಡಲೇ 1978ರಿಂದ 1997 ಮೇಲೆ, 1998ರಿಂದ 2017 ಕೆಳಗೆ, ನಡುವೆ ಹೊಲಿಗೆ ಮಾತ್ರ. 40 ವರ್ಷಗಳೂ ಒಂದೇ ಹಾಳೆಯಂತೆ ಕಾಣುತ್ತವೆ.

ಇದಕ್ಕಾಗಿಯೇ ಈವನ್ ಪೇಜ್ ಎಂಬ ಬ್ರೇಕ್ ಇರುವುದು. ಹಾಕಿರುವ ನೆಕ್ಸ್ಟ್ ಪೇಜ್ ಬ್ರೇಕನ್ನು ಅಳಿಸುವ ಅಗತ್ಯವಿಲ್ಲ. ಬ್ರೇಕಿನ ಬಗೆಯೊಂದು ಮಾತ್ರ ರುಜುವಿನ ನಿಯಮಕ್ಕೆ ಹೊರತಾದಂತೆ ತೋರುತ್ತದೆ: ಅದನ್ನು ಬದಲಿಸಲು ಕರ್ಸರ್ ಬ್ರೇಕಿನ ನಂತರದ ಸೆಕ್ಷನ್ನಿನಲ್ಲಿ, ಇಲ್ಲಿ ಕೋಷ್ಟಕದೊಳಗೆ, ಇರಬೇಕು. ಪೇಜ್ ಸೆಟಪ್ ಕಿಟಕಿಯ ಲೇಔಟ್ ಭಾಗದಲ್ಲಿ ಸೆಕ್ಷನ್ ಸ್ಟಾರ್ಟ್ ಎಂಬಲ್ಲಿ ಈವನ್ ಪೇಜ್ ಆರಿಸಿ. ಈ ಸೆಕ್ಷನ್ ಎಲ್ಲಿಂದ ಶುರುವಾಗಬೇಕು ಎಂಬುದು ಈ ಸೆಕ್ಷನ್ನಿನದೇ ಗುಣ ಎಂದು ತಿಳಿದರೆ ಗೊಂದಲವಾಗುವುದಿಲ್ಲ.

ಕೋಷ್ಟಕದ ಎರಡು ಪುಟಗಳ ಪುಟಸಂಖ್ಯೆ ಪುಸ್ತಕವನ್ನು ನೆಟ್ಟಗೆ ಹಿಡಿದಾಗ ಬಲಗಡೆ ಅಡ್ಡವಾಗಿ ಕಾಣುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಹೆಡರ್‌ನೊಳಗೆ ಟೆಕ್ಸ್ಟ್ ಬಾಕ್ಸ್ ಇಟ್ಟು ಅಕ್ಷರಗಳನ್ನು ತಿರುಗಿಸುವ ಉಪಾಯವಿದೆಯಾದರೂ, ಎರಡು ಪುಟಗಳಿಗೆ ಅಷ್ಟು ಶ್ರಮ ಬೇಡ. ಕೊಂಡಿ ಬಿಡಿಸಿದ ಫೂಟರ್‌ನಿಂದ ಸಂಖ್ಯೆಯನ್ನೇ ತೆಗೆದುಬಿಡಿ, ಎಣಿಕೆ ತಪ್ಪುವುದಿಲ್ಲ. ಅಂಗಡಿಗೆ ವರ್ಡ್ ಕಡತವನ್ನು ಎಂದೂ ಕೊಡಬೇಡಿ. ಅಕ್ಷರಶೈಲಿಗಳನ್ನು ತನ್ನೊಳಗೇ ಇರಿಸಿಕೊಂಡ ಪಿಡಿಎಫ್ ಕೊಡಿ. ಮುನ್ನುಡಿಯನ್ನು ಬೇರೆಯವರು ಬರೆದುಕೊಟ್ಟದ್ದು ಎಂದಿರಿ. ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದರೆ, ಆ ಅಕ್ಷರವಿಲ್ಲದ ಗಣಕದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. 50 ಪ್ರತಿ ಹೊಡೆಸುವ ಮುನ್ನ ಒಂದು ಡಮ್ಮಿ ಮಾಡಿಸಿ, ಅಡ್ಡ ಪುಟಗಳ ತಲೆ ಎಡಕ್ಕೇ ಬಂದಿದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ.


ಮಳೆಪುಸ್ತಕ, ಮೂಡಿಗೆರೆ

ಎಲ್ಲರಿಗೂ ವಂದನೆಗಳು. ಮೇಷ್ಟ್ರು ಹೇಳಿದಂತೆ ಒಂದು ದಶಕದ ಕೋಷ್ಟಕವನ್ನು ಮಾಡಿ ನೋಡಿದೆ, ಚೆನ್ನಾಗಿಯೇ ಇತ್ತು. ಆದರೆ ತಂದೆಯವರ ರಿಜಿಸ್ಟರಿನ ಕೊನೆಯಲ್ಲಿ ಅವರೇ ಗೆರೆ ಎಳೆದು ಮಾಡಿದ ವಾರ್ಷಿಕ ಪಟ್ಟಿಯಲ್ಲಿ ವರ್ಷಗಳು ಒಂದರ ಕೆಳಗೊಂದು ಇವೆ, ಅವರು ಬೆರಳಾಡಿಸುತ್ತಿದ್ದುದೂ ಹಾಗೆಯೇ. ಆದ್ದರಿಂದ ಅಡ್ಡ ಪುಟವನ್ನೇ ಉಳಿಸಿಕೊಂಡೆ. ಮುನ್ನುಡಿಯ ಊಹೆಯೂ ಸರಿಯಾಗಿತ್ತು. ಚಿಕ್ಕಪ್ಪ ಕಳಿಸಿದ್ದು ನುಡಿಯಲ್ಲಿಯೇ ಇತ್ತು, ಬದಲಾಯಿಸಿದ್ದಾಯಿತು.

ಈವನ್ ಪೇಜ್ ಕೊಟ್ಟ ಮೇಲೆ ಒಂದು ವಿಚಿತ್ರ ಕಂಡಿತು. ಪರದೆಯ ಮೇಲೆ 54ರ ನಂತರ ನೇರವಾಗಿ 56 ಬರುತ್ತದೆ, 55 ಎಲ್ಲಿಯೂ ಇಲ್ಲ. ಪಿಡಿಎಫ್ ಮಾಡಿದರೆ ಮಾತ್ರ ನಡುವೆ ಒಂದು ಖಾಲಿ ಪುಟ ಕಾಣುತ್ತದೆ. ಖಾಲಿ ಪುಟದಿಂದಲೇ ಶುರುವಾದ ಪ್ರಶ್ನೆಯಾದ್ದರಿಂದ ಮತ್ತೆ ಏನನ್ನೋ ಕೆಡಿಸಿದೆನೇ ಎಂದು ಗಾಬರಿಯಾಯಿತು.


ಹಾಸನದ ಬೆರಳಚ್ಚುಗಾರ

ಏನೂ ಕೆಟ್ಟಿಲ್ಲ ಮೇಡಂ. ಈವನ್ ಪೇಜ್ ಮತ್ತು ಆಡ್ ಪೇಜ್ ಬ್ರೇಕುಗಳು ಸಂಖ್ಯೆ ಹೊಂದಿಸಲು ಸೇರಿಸುವ ಪುಟವನ್ನು ವರ್ಡ್ ಪರದೆಯ ಮೇಲೆ ತೋರಿಸುವುದಿಲ್ಲ, ಮುದ್ರಿಸುವಾಗ ಮತ್ತು ಪಿಡಿಎಫ್‌ನಲ್ಲಿ ಮಾತ್ರ ಸೇರಿಸುತ್ತದೆ. ಆ ಪುಟದಲ್ಲಿ ಹೆಡರ್ ಆಗಲಿ ಪುಟಸಂಖ್ಯೆಯಾಗಲಿ ಬರುವುದಿಲ್ಲ, ಅಲ್ಲಿ ಏನನ್ನೂ ಬರೆಯಲೂ ಆಗದು. ಆ ಪುಟವನ್ನು ಬಳಸಬೇಕೆಂದಿದ್ದರೆ 54ರ ಬರಹ ಮುಗಿದಲ್ಲಿ, ಸೆಕ್ಷನ್ ಬ್ರೇಕಿಗಿಂತ ಮುಂಚೆ, ಕಂಟ್ರೋಲ್ ಎಂಟರ್ ಒತ್ತಿ 55ನ್ನು ತಾವೇ ಸೃಷ್ಟಿಸಿ ಅದರಲ್ಲಿ ಏನಾದರೂ ಇಡಿ. ಆಗ ಕೋಷ್ಟಕ ಸಹಜವಾಗಿಯೇ 56ಕ್ಕೆ ಬರುತ್ತದೆ, ಈವನ್ ಪೇಜ್ ಬ್ರೇಕ್ ಹೊಸ ಪುಟವನ್ನೇನೂ ಸೇರಿಸುವುದಿಲ್ಲ. ನಿಮಗೆ ಮೊದಲ ದಿನ ಕಾಟ ಕೊಟ್ಟ ಅದೇ ಒಂಟಿ ಗೆರೆ, ಜೋಡಿ ಗೆರೆ. ಈ ಸಲ ಎರಡೂ ಬೇಕು.


ಮಳೆಪುಸ್ತಕ, ಮೂಡಿಗೆರೆ

ಹಾಗೆಯೇ ಮಾಡಿದೆ ಸರ್. 55ರಲ್ಲಿ ರಿಜಿಸ್ಟರಿನ ಒಂದು ಹಾಳೆಯ ಚಿತ್ರವನ್ನಿಟ್ಟಿದ್ದೇನೆ. ಜುಲೈ ತಿಂಗಳಿನದು, ನೀರು ತಗುಲಿ ಶಾಯಿ ಹರಡಿರುವ ಹಾಳೆ. ಆದರೂ ಅಂಕಿಗಳನ್ನು ಓದಬಹುದು. ಡಮ್ಮಿ ನಿನ್ನೆ ಸಂಜೆ ಕೈಸೇರಿತು, ಕೋಷ್ಟಕದ ತಲೆ ಎರಡೂ ಪುಟಗಳಲ್ಲಿ ಎಡಕ್ಕೇ ಇದೆ.